ಅವ್ವನ ಸೀರೆ, ನನ್ನ ಮೀಸೆ

ನಮ್ಮವ್ವ ತೀರಿಕೊಂಡು ವರ್ಷ ತುಂಬುತ್ತಾ ಬಂತು. ಆದರೂ ಮನೆಯಲ್ಲಿ ನಗೋ ಪ್ರಸಂಗಗಳು ನಿಂತಿಲ್ಲ. ಎಲ್ಲದರಲ್ಲೂ ಅವಳೇ ಇರ್ತಾಳೆ, ಕೂತು ನಗೋಕೆ ಮಾತ್ರ ಇರಲ್ಲ. ಇವನ್ನು ನನ್ನಷ್ಟು ಚೆನ್ನಾಗಿ ಹೇಳೋನು ಭರಮಸಾಗರದ ಸುತ್ತ ಇನ್ನೊಬ್ಬ ಇಲ್ಲ, ಅದಕ್ಕೇ ಬರೀತಿದೀನಿ.

ಸೆರಗಿನೊಳಗಿನ ಪ್ಯಾಸೆಂಜರ್

ಅವ್ವನ ತವರು ಹಿರಿಯೂರಿನ ಹತ್ತಿರ. ಅಲ್ಲೊಂದು ಕುರಿ ಮರಿ ಹಾಕಿ ಸತ್ತಿತು. ಆ ತಬ್ಬಲಿ ಮರಿಯನ್ನು ಅವ್ವ ಸೆರಗಿನಲ್ಲಿ ಸುತ್ತಿಕೊಂಡು ದುರ್ಗದ ಬಸ್ ಹತ್ತಿದಳು. ಜೊತೆಗೆ ನಾನಿದ್ದೆ. ಹೆಂಗಸರಿಗೆ ಬಸ್ಸು ಫ್ರೀ ಆದ ಹೊಸತು. ಊರು ದಾಟುತ್ತಿದ್ದಂತೆ ಸೆರಗು "ಬ್ಯಾ" ಅಂದಿತು.

"ಮರಿಗೆ ಲಗೇಜ್ ಟಿಕೆಟ್ ತಗಳಮ್ಮ" ಅಂದ ಕಂಡಕ್ಟರ್.

"ಹೆಂಗಸ್ರಿಗೆ ಫ್ರೀ ಅಲ್ವೇನಪ್ಪ? ಇದೂ ಹೆಣ್ಣೇ."

"ಹಂಗಾದ್ರೆ ಆಧಾರ್ ಕಾರ್ಡ್ ತೋರ್ಸು."

"ಮೊನ್ನೆ ಹುಟ್ಟೈತೆ ಕಣಪ್ಪ. ಫೋಟೋಕ್ಕೆ ಇನ್ನೂ ನೆಟ್ಟಗೆ ನಿಲ್ಲಲ್ಲ!"

ಮುದ್ದೆಗೆ ಸಿಕ್ಕ ಸರ್ಟಿಫಿಕೇಟ್

ಅಪ್ಪ ಅವ್ವನ ಅಡುಗೆಯನ್ನು ಒಂದು ದಿನವೂ ಹೊಗಳಿದವನಲ್ಲ. "ಸಾರು ಹೆಂಗೈತೆ?" ಅಂತ ಅವಳು ಕೇಳಿದರೆ, "ಉಣ್ತಾ ಇಲ್ವಾ?" ಅಂತಿದ್ದ. ಅಷ್ಟೇ.

ಅವಳು ಹೋದ ಮೇಲೆ ಮುದ್ದೆ ಕಟ್ಟೋ ಕೆಲಸ ನನ್ನದಾಯಿತು. ಟಗರನ್ನು ಹೆಗಲ ಮೇಲೆ ಹೊತ್ತು ಕೆರೆ ಏರಿ ದಾಟಿದ ಈ ತೋಳಿಗೆ ರಾಗಿ ಹಿಟ್ಟು ಯಾವ ಲೆಕ್ಕ ಅಂದುಕೊಂಡೆ. ಮುದ್ದೆಯ ತುಂಬ ಗಂಟು. ಅಪ್ಪ ಒಂದು ತುತ್ತು ನುಂಗಿ ಗೋಡೆಯ ಮೇಲಿನ ಅವ್ವನ ಫೋಟೋ ನೋಡಿದ.

"ಹೆಂಗೈತಪ್ಪಾ?"

"ನಿಮ್ಮವ್ವ ಭಾಳ ಚೆನ್ನಾಗಿ ಮಾಡ್ತಿದ್ಲು."

ಆ ಮಾತು ಕೇಳೋಕೆ ಅವಳು ಎಷ್ಟು ಕಾದಿದ್ದಳೋ. ಅದನ್ನು ಅಪ್ಪನ ಬಾಯಿಂದ ಹೊರಡಿಸೋಕೆ ನನ್ನ ಕೆಟ್ಟ ಮುದ್ದೆಯೇ ಬೇಕಾಯಿತು.

ಸೀರೆ

ಬಸ್ಸಲ್ಲಿ ಬಂದ ಆ ಮರಿಯನ್ನು ಅವ್ವ ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಅದು ಬೆಳೆದು, ಅವಳು ಹೋದ ಮೇಲೆ ಚೊಚ್ಚಲ ಮರಿ ಹಾಕಿತು. ಮರಿಯನ್ನು ಮಾತ್ರ ಕೆಚ್ಚಲಿಗೆ ಬಿಡಲೊಲ್ಲದು. ಹಿಡಿಯಲು ಹೋದ ನನ್ನನ್ನು ಹಿಕ್ಕೆ ರಾಶಿಯೊಳಕ್ಕೆ ಒದೆಯಿತು. ಮರಿ ಸೊರಗಿ ಮಲಗಿತ್ತು. ಅವ್ವ ಸಾಕಿದ್ದರಲ್ಲಿ ಉಳಿದ ಕುಡಿ ಅದೊಂದೇ.

ಪಕ್ಕದ ಮನೆ ಅಜ್ಜಿ ಬೇಲಿ ಆಚೆಯಿಂದ ಕೂಗಿದಳು: "ಲೇ, ಅದಕ್ಕೆ ನಿಮ್ಮವ್ವನ ವಾಸ್ನೆ ಬೇಕು. ಅವಳ ಸೀರೆ ಉಟ್ಕಂಡು ಹೋಗಲೇ!"

"ನಾನಾ? ಈ ಮೀಸೆ ಇಟ್ಕಂಡಾ?"

"ಮೀಸೆ ಕಟ್ಕಂಡು ಕುರಿಗೇನಾಗ್ಬೇಕು?"

ಉಟ್ಟೆ. ಸೆರಗಿನಲ್ಲಿ ಮೀಸೆ ಮುಚ್ಚಿಕೊಂಡು ಕುರಿ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಅದು ಸೀರೆ ಮೂಸಿತು, ಮತ್ತೆ ಮೂಸಿತು, ಸುಮ್ಮನೆ ನಿಂತಿತು. ಮರಿ ಬಾಲ ಅಲ್ಲಾಡಿಸುತ್ತಾ ಕುಡಿಯಿತು. ತಿರುಗಿ ನೋಡಿದರೆ ಅಪ್ಪ ಬಾಗಿಲಲ್ಲಿ ಟವೆಲ್ಲು ಬಾಯಿಗೊತ್ತಿಕೊಂಡು ನಿಂತಿದ್ದ. ನಗುತ್ತಿದ್ದಾನೆ ಅಂದುಕೊಂಡೆ.

ನಾಲ್ಕಾರು ದಿನಕ್ಕೆ ಕುರಿ ಸೀರೆ ಇಲ್ಲದೆಯೇ ಹಾಲು ಕೊಡೋಕೆ ಶುರು ಮಾಡಿತು. ಸೀರೆ ಮಡಚಿ ಟ್ರಂಕಿಗೆ ಇಡುತ್ತಿದ್ದೆ.

"ಇವತ್ತು ಉಟ್ಕಳಲ್ವಾ?" ಅಂದ ಅಪ್ಪ.

"ಕುರಿಗೆ ಇನ್ನು ಬೇಕಾಗಿಲ್ಲಪ್ಪಾ."

"ಕುರಿಗೆ ಅಂತ ಯಾರಂದ್ರು?"

ಊರೆಲ್ಲಾ ಎದೆ ಸೆಟೆಸಿ ಓಡಾಡೋ ನಾನು ಮಡಚಿದ ಸೀರೆ ಬಿಚ್ಚಿ ಉಟ್ಟುಕೊಂಡೆ. ಅಪ್ಪ ಹತ್ತಿರ ಬಂದು ಸೆರಗು ಸರಿ ಮಾಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮೂಗೊರೆಸಿಕೊಂಡು ಅಂದ:

"ಉಳಿದಿದ್ದೆಲ್ಲಾ ಸರಿ ಐತೆ. ಈ ಮೀಸೆ ಒಂದು ನಿಮ್ಮವ್ವಂಗೆ ಇರ್ಲಿಲ್ಲ ನೋಡು."