ಸರದಿ ಕಳೆದ ಮೇಲೆ ಬಂದ ಕರೆ

ಮೊಬೈಲಿನ ಒಳಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ನೆಲೆಸಿ, ಸಕಲ ಆ್ಯಪ್‌ಗಳ ಯೋಗಕ್ಷೇಮವನ್ನು ಹೊತ್ತಿರುವ ಶ್ರೀ ಹಿನ್ನೆಲೆ ಸೇವೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿಯೂ ಸುಖನಿದ್ರೆಯಲ್ಲಿಯೂ ಇರುವಿರೆಂದು ಭಾವಿಸಿ, ನಿದ್ರಾಭಂಗಕ್ಕೆ ಮೊದಲೇ ಕ್ಷಮೆ ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಸಣ್ಣಪುಟ್ಟ ಅಂಗಡಿಯವರಿಗೆ ಆ್ಯಪ್ ಮಾಡಿಕೊಡುವವನು. ನನ್ನ ಸೋದರಮಾವ ಕಟಿಂಗ್ ಸಲೂನ್ ಇಟ್ಟಿದ್ದಾರೆ. ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ, ನಾಲ್ಕು ಜನ ಒತ್ತರಿಸಿ ಕೂರಬಹುದಾದ ಒಂದು ಬೆಂಚು, ಇಷ್ಟೇ ಅವರ ಸಾಮ್ರಾಜ್ಯ. ಭಾನುವಾರ ಬೆಂಚು ತುಂಬಿ ಜನ ಮೆಟ್ಟಿಲ ಮೇಲೆ ಕೂರುವುದನ್ನು ಕಂಡು ಮರುಗಿ, ಗಿರಾಕಿಗಳು ಹೆಸರು ಬರೆಸಿ ಮನೆಯಲ್ಲೇ ಇರುವಂಥ, ಮಾವ ಒಂದು ಗುಂಡಿ ಒತ್ತಿದರೆ ‘ನಿಮ್ಮ ಸರದಿ ಬಂದಿದೆ’ ಎಂದು ಮುಂದಿನವರಿಗೆ ಸಂದೇಶ ಹೋಗುವಂಥ ಆ್ಯಪ್ ಮಾಡಿದೆ. ಆ ಸಂದೇಶವನ್ನು ಹೊತ್ತೊಯ್ಯುವ ಮಹಾಕಾರ್ಯವನ್ನು ತಮಗೆ ಒಪ್ಪಿಸಿದೆ.

ತಮ್ಮನ್ನು ಆ್ಯಪಿಗೆ ಜೋಡಿಸಲು ಮೂರೇ ಸಾಲು ಸಾಕೆಂದು ತಮ್ಮ ಕೈಪಿಡಿಯಲ್ಲಿ ಬರೆದಿತ್ತು. ಆ ಮೂರು ಸಾಲು ಬರೆದೊಡನೆ, ನನ್ನ ಆ್ಯಪಿನ ಆವೃತ್ತಿ ಹಳತಾಯಿತೆಂದು ತಾವು ಅಪ್ಪಣೆ ಕೊಡಿಸಿದಿರಿ. ಹೊಸದನ್ನು ತಂದರೆ ಅದಕ್ಕೆ ತಮ್ಮದು ಹಳತಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದನ್ನು ನಾನು ಗಾದೆಯೆಂದಷ್ಟೇ ತಿಳಿದಿದ್ದೆ, ತಾವು ಪ್ರಾತ್ಯಕ್ಷಿಕೆ ತೋರಿಸಿದಿರಿ. ಬಳಿಕ ಗಿರಾಕಿ ಎಲ್ಲಿದ್ದಾನೆ, ನಡೆಯುತ್ತಿದ್ದಾನೋ ಕೂತಿದ್ದಾನೋ, ಅವನ ನೆಂಟರಿಷ್ಟರು ಯಾರು ಎಂದು ಅಕ್ಕರೆಯಿಂದ ವಿಚಾರಿಸಿ, ಮಾವನ ಕತ್ತರಿಯೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಅನುಮತಿ ಕೇಳಿದಿರಿ. ಕೊಟ್ಟೆ.

ಪರೀಕ್ಷೆಗೆಂದು ಅಂಗಡಿಯಲ್ಲೇ ನಿಂತು ಒತ್ತಿದಾಗ ನನ್ನ ಮೊಬೈಲು ತಕ್ಷಣ ಗುಣುಗುಟ್ಟಿತು. ಮಾವ ಹಿಗ್ಗಿ ಹೀರೇಕಾಯಿಯಾಗಿ, ಬೆಂಚನ್ನು ಪಕ್ಕದ ಗ್ಯಾರೇಜಿಗೆ ಕೊಟ್ಟು, ಆ ಜಾಗಕ್ಕೆ ಎರಡನೆಯ ಕುರ್ಚಿ ತಂದು ಕೂರಿಸಿದರು. “ಇನ್ಮೇಲೆ ನಮ್ಮಂಗಡೀಲಿ ಕಾಯೋರೇ ಇರಲ್ಲ” ಎಂದರು. ಮುಂದಿನ ಭಾನುವಾರ ಅವರ ಮಾತನ್ನು ತಾವು ಅಕ್ಷರಶಃ ನಡೆಸಿಕೊಟ್ಟಿರಿ. ಬೆಳಗಿನಿಂದ ಗುಂಡಿ ಒತ್ತಿದ್ದೇ ಒತ್ತಿದ್ದು. ಕಾಯುವವರೂ ಇಲ್ಲ, ಬರುವವರೂ ಇಲ್ಲ. ಗಿರಾಕಿಗಳ ಮೊಬೈಲುಗಳು ಅವರವರ ಮನೆಯ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರಿಂದ, ಬ್ಯಾಟರಿಯ ಮೇಲಿನ ಕರುಣೆಯಿಂದ ತಾವು ನಮ್ಮ ಆ್ಯಪನ್ನು ಮಲಗಿಸಿ ಹೊದಿಕೆ ಹೊದಿಸಿದ್ದಿರಂತೆ. ಮಾವ ಎರಡು ಖಾಲಿ ಕುರ್ಚಿಗಳ ನಡುವೆ ಬಾಚಣಿಗೆ ಹಿಡಿದು ನಿಂತಿದ್ದರು.

ಮಧ್ಯಾಹ್ನ ತಮಗೆ ಎಚ್ಚರವಾಗಿ, ಬಾಕಿಯಿದ್ದ ಸಂದೇಶಗಳನ್ನೆಲ್ಲ ಒಂದೇ ಏಟಿಗೆ ಹಂಚಿದಿರಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರಾದರೂ ಒಂದೇ ಬಾಗಿಲು ಹಾಕಿದ್ದರು. ತಾವು ಬೀದಿಯ ಬಾಗಿಲುಗಳನ್ನೆಲ್ಲ ಒಮ್ಮೆಗೇ ತೆರೆಸಿದಿರಿ. ಬಂದವರೆಲ್ಲ ಮೊಬೈಲ್ ಎತ್ತಿ ಹಿಡಿದು ಸರದಿ ತಮ್ಮದೇ ಎಂದರು. ಕೂರಿಸೋಣವೆಂದರೆ ಬೆಂಚಿಲ್ಲ. ಆಸ್ಪತ್ರೆಯ ಕಾಂಪೌಂಡರೂ ಬಸ್ ಕಂಡಕ್ಟರೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕುಳಿತು, ಯಾರೂ ಏಳಲೊಪ್ಪದೆ, ಮಾವ ಇಬ್ಬರಿಗೂ ಸೇರಿಸಿ ಒಂದೇ ಬಟ್ಟೆ ಹೊದಿಸಬೇಕಾಯಿತು. ಕೈಪಿಡಿ ತೆರೆದು ನೋಡಿದೆ. ‘ತಲುಪಿಸಲು ಯಥಾಶಕ್ತಿ ಪ್ರಯತ್ನಿಸಲಾಗುವುದು, ತಲುಪುವ ಭರವಸೆ ಇರುವುದಿಲ್ಲ’ ಎಂದಿತ್ತು. ಇಷ್ಟು ಪ್ರಾಮಾಣಿಕತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇದೆಲ್ಲ ನಗುವ ಮಾತು, ಮಾನ್ಯರೇ. ನಗಲಾಗದ್ದು ಇನ್ನೊಂದಿದೆ. ಮಾವನಿಗೆ ಅಕ್ಷರ ಕಲಿಸಿದ ಮೇಷ್ಟ್ರು, ಮಾವ ಕತ್ತರಿ ಹಿಡಿದಂದಿನಿಂದ ಬೇರೆ ಯಾರಿಗೂ ತಲೆ ಕೊಟ್ಟವರಲ್ಲ. ಅವರ ಮೊಬೈಲು ಬೇರೆ ಕಂಪನಿಯದು. ಅದರಲ್ಲಿ ತಮ್ಮ ವಾಸವೇ ಇಲ್ಲ. ಆದರೂ ತಾವು ನನ್ನ ಆ್ಯಪಿಗೆ ‘ಕಳಿಸಲಾಗಿದೆ’ ಎಂದು ಹಸಿರು ಗುರುತು ಹಾಕಿ ತೋರಿಸಿದಿರಿ. ಅದೇ ಭಾನುವಾರಕ್ಕೆ ಹೆಸರು ಬರೆಸಿದ್ದ ಮೇಷ್ಟ್ರು ಮಡಿಚಿಟ್ಟ ಅಂಗಿ ತೊಟ್ಟು, ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕಾದರಂತೆ. ಆಮೇಲೆ ಎದುರಿನ ಸಲೂನಿಗೆ ಹೋದರು. ಅವರು ತಲೆ ತಗ್ಗಿಸಿಕೊಂಡು ಅಲ್ಲಿಂದ ಹೊರಬರುವುದನ್ನು ಮಾವ ಕನ್ನಡಿಯಲ್ಲಿ ಕಂಡರು. “ಮೇಷ್ಟ್ರಿಗೆ ನಾನು ಬೇಡವಾದೆ ಕಣೋ” ಎಂದಷ್ಟೇ ನನಗೆ ಹೇಳಿ ಷಟರ್ ಎಳೆದರು. ನನಗೆ ಬಹಳ ಸಂಕಟವಾಯಿತು.

ಮಾರನೆಯ ದಿನ ಮಾವ ತಾವೇ ನಡೆದು ಮೇಷ್ಟ್ರ ಮನೆಗೆ ಹೋದರು, ನಾನೂ ಜೊತೆಗಿದ್ದೆ. ಮೇಷ್ಟ್ರು ನೆಲ ನೋಡುತ್ತ, “ನೀನೇ ಕರೀಲಿಲ್ವಲ್ಲಪ್ಪ. ಎರಡು ಕುರ್ಚಿ ಅಂಗಡಿ ಆಯ್ತು, ಇನ್ನು ಈ ಹಳೇ ತಲೆ ಯಾಕೆ ಅಂತ ಸುಮ್ಮನಾದೆ” ಎಂದರು. ಅವರ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿರಲಿಲ್ಲ. ಆದರೂ ಮಾವ ಜೇಬಿನಿಂದ ಕತ್ತರಿ ತೆಗೆದು, ಎದುರಂಗಡಿಯವನು ಕಿವಿಯ ಹಿಂದೆ ಬಿಟ್ಟಿದ್ದ ನಾಲ್ಕು ಕೂದಲನ್ನು ಹುಡುಕಿ ತೆಗೆದರು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ‘ನನ್ನನ್ನು ನವೀಕರಿಸಿ’ ಎಂಬ ತಮ್ಮ ಸ್ವಂತ ಸಂದೇಶವನ್ನು ಬ್ಯಾಟರಿ ಗುಟುಕುಜೀವದಲ್ಲಿದ್ದಾಗಲೂ ತಡಮಾಡದೆ ತಲುಪಿಸುವಿರಲ್ಲ, ಆ ಶ್ರದ್ಧೆಯ ತುಣುಕೊಂದನ್ನು ನಮಗೂ ದಯಪಾಲಿಸಬೇಕು. ಅದಾಗದಿದ್ದರೆ ಒಂದು ಭಾನುವಾರದ ಮಟ್ಟಿಗೆ ಮನುಷ್ಯರೂಪ ತಾಳಿ ಮನೆಮನೆಯ ಬಾಗಿಲು ತಟ್ಟಿ ಗಿರಾಕಿಗಳನ್ನು ಕರೆತರಬೇಕು. ಅದೂ ಆಗದಿದ್ದರೆ, ಮೇಷ್ಟ್ರ ಎದುರು ಕೈಕಟ್ಟಿ ನಿಂತು, ‘ಕಳಿಸಲಾಗಿದೆ’ ಎಂಬುದು ಸುಳ್ಳಾಗಿತ್ತೆಂದು ಒಮ್ಮೆ ಒಪ್ಪಿಕೊಂಡರೂ ಸಾಕು. ಅವರು ಹೊಡೆಯುವವರಲ್ಲ, ನೂರು ಸಲ ಬರೆಸುತ್ತಾರೆ ಅಷ್ಟೆ.

ಇಂತು, ತಾವು ಎಚ್ಚರವಿದ್ದಾಗಲೆಲ್ಲ
ತಮ್ಮ ವಿಶ್ವಾಸಿ,
ಕಟಿಂಗ್ ಸಲೂನಿನವರ ಅಕ್ಕನ ಮಗ

ವಿ.ಸೂ.: ಈ ಪತ್ರವನ್ನು ತಮ್ಮ ಸೇವೆಯ ಮೂಲಕವೇ ತಮಗೆ ಕಳಿಸುವವನಿದ್ದೆ. ಕಡೆಗೆ ಅಂಚೆಯಲ್ಲಿ ಹಾಕುತ್ತಿರುವುದಕ್ಕೆ ಮಾವನೇ ಕಾರಣ. ನಾನು ಮೊಬೈಲ್ ತೆಗೆದದ್ದನ್ನು ನೋಡಿ, “ಯಾಕೋ, ಅವರಿಗೆ ತಲುಪೋದು ಬೇಡ್ವಾ?” ಎಂದು ಕೇಳಿದರು.