ನನ್ನ ತಮ್ಮನ ಲಿನಕ್ಸ್ ಜಗಲಿ

ಕಂಪ್ಯೂಟರ್ ಕೆಟ್ಟಿತೆಂದು ಗೋಳಿಡುತ್ತ ಬಂದವರಿಗೆ, "ಮೊದಲು ಆಸರಿಗೆ ಆಗ್ಲಿ, ನೀರಿಗೆ ಬೆಲ್ಲ ಬೇಕಾ?" ಎಂದು ಬಾಯಾರಿಕೆ ವಿಚಾರಿಸುವ ಮನುಷ್ಯನನ್ನು ನೀವು ಕಂಡಿದ್ದೀರಾ? ಅದೂ ವಾಟ್ಸಾಪಿನಲ್ಲಿ? ನಾನು ಅಂಥವನಿಗೆ ಅಕ್ಕನಾಗಿ ಅರವತ್ತೈದು ವರ್ಷ ಕಳೆದಿದ್ದೇನೆ.

ಕುಮಟೆಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ತಮ್ಮನಿಗೆ ಈಗ ಲಿನಕ್ಸಿನ ಹುಚ್ಚು. ಅದೊಂದು ಪುಕ್ಕಟೆ ತಂತ್ರಾಂಶವಂತೆ, ಹಾಕಿದರೆ ಮುದಿ ಕಂಪ್ಯೂಟರೂ ಎದ್ದು ಓಡಾಡುತ್ತದಂತೆ. ಹೊಸದಾಗಿ ಕಲಿಯುವವರಿಗೆಂದು ಒಂದು ಗುಂಪು ಕಟ್ಟಿ, ಅದಕ್ಕೆ ನನ್ನನ್ನೂ ಸೇರಿಸಿದ. ನಾನೋ ಹೊನ್ನಾವರದಲ್ಲಿ ಕೂತು ಒಂದೇ ಬೆರಳಲ್ಲಿ ಫೋನು ಕುಟ್ಟುವವಳು. ಮನೆಯಲ್ಲಿ ಕಂಪ್ಯೂಟರೇ ಇಲ್ಲ.

"ನಂಗೆ ಎಂತಕ್ಕೋ ಇದು?"

"ಸುಮ್ನೆ ಕೂತ್ಕ."

ಕೂತೆ. ಕರ್ನೆಲ್ಲಂತೆ, ಟರ್ಮಿನಲ್ಲಂತೆ. ನನಗೆ ಗುರುತು ಸಿಕ್ಕಿದ್ದು ಲಿನಕ್ಸಿನ ಲಾಂಛನದ ಪೆಂಗ್ವಿನ್ ಒಂದೇ. ಒಮ್ಮೆ ಜಾಲಿ ಊರಿನ ಕಂಪ್ಯೂಟರ್ ಪಂಡಿತನೊಬ್ಬ ಹೊಸಬರಿಗೆ, "ಇಷ್ಟೂ ಗೊತ್ತಿಲ್ವಾ? ಓದ್ಕಂಡು ಬನ್ನಿ" ಎಂದು ಬರೆದ. ತಮ್ಮ ಶಿಕ್ಷೆ ಕೊಟ್ಟ: ಒಂದು ವಾರ ಬಂದವರಿಗೆಲ್ಲ ಆಸರಿಗೆ ಕೇಳುವ ಕೆಲಸ ಅವನದು. ವಾರ ಕಳೆದು ತಿಂಗಳಾಯಿತು, ಪುಣ್ಯಾತ್ಮ ಇನ್ನೂ ಬಿಟ್ಟಿಲ್ಲ. ಈಗ ಶರಬತ್ತಿನ ಫೋಟೋ ಬೇರೆ ಹಾಕುತ್ತಾನೆ.

ಮೊನ್ನೆ ತದಡಿಯ ಹೆಂಗಸೊಬ್ಬಳು ಸೇರಿದಳು. ಊರವರ ಅರ್ಜಿ ತುಂಬಿ ಕೊಡುವುದೇ ತನ್ನ ಜೀವನ ಎಂದಳು. ಏನೋ ಬರೆದಳು, ಅಳಿಸಿದಳು. ಮತ್ತೆ ಬರೆದಳು, ಅಳಿಸಿದಳು. ಕೊನೆಗೆ, "ನಾಳೆ ಅರ್ಜಿಗೆ ಕಡೇ ದಿನ. ಇದೆಲ್ಲ ನನ್ನಂಥವ್ರಿಗೆ ಆಗೂದಲ್ಲ, ನಾ ಹೋಗ್ತೆ" ಎಂದಳು.

ನನಗೆ ತಡೆಯಲಾಗಲಿಲ್ಲ. "ತಂಗೀ, ಹೋಗೂಕಿಂತ ಮುಂಚೆ ಒಂದು ಹೇಳು. ಇವ್ರಿಗೆ ಪೆಂಗ್ವಿನ್ನೇ ಎಂತಕ್ಕೆ ಬೇಕಿತ್ತು? ನಮ್ಮ ಗದ್ದೆ ಬೆಳ್ಳಕ್ಕಿ ಸಿಗ್ಲಿಲ್ವಾ?" ಎಂದು ಕುಟ್ಟಿ ಕಳಿಸಿದೆ.

ಆಮೇಲೆ ಅವಳ ನಗು ಬಂತು, ಬೆನ್ನಿಗೇ ಪ್ರಶ್ನೆಯೂ ಬಂತು: "ಅಮ್ಮಾ, ಪ್ರಿಂಟರ್ ಜೋಡಿಸೂಕೆ ಪಾಸ್‌ವರ್ಡ್ ಕೇಳ್ತದೆ. ಎಷ್ಟು ಒತ್ತಿದ್ರೂ ಒಂದಕ್ಷರ ಕಾಣೂದಿಲ್ಲ. ಕೀಬೋರ್ಡ್ ಸತ್ತೋಯ್ತಾ?"

ಟರ್ಮಿನಲ್ಲೆಂಬ ಆ ಕಪ್ಪು ಪರದೆಯಲ್ಲಿ ಪಾಸ್‌ವರ್ಡು ಕಾಣುವುದೇ ಇಲ್ಲವಂತೆ. ಒತ್ತಿದ್ದೇನೆಂದು ನಂಬಿ ಎಂಟರ್ ಹೊಡೆಯಬೇಕಂತೆ. ಪಂಡಿತನೇ ಹೇಳಿಕೊಟ್ಟ, ಶರಬತ್ತಿನ ಸಮೇತ. ಕಾಣದ್ದನ್ನು ನಂಬುವುದು ದೇವರ ಕೋಣೆಗೆ ಮಾತ್ರ ಎಂದುಕೊಂಡಿದ್ದ ನನಗೆ ಇದೂ ತಿಳಿಯಲಿಲ್ಲ. ಸಂಜೆಯೊಳಗೆ ಅವಳ ಅರ್ಜಿಗಳೆಲ್ಲ ಅಚ್ಚಾಗಿ ಬಂದವು.

ನನಗೆ ಮಾತ್ರ ನಾಚಿಕೆ. ತಮ್ಮನಿಗೆ ಫೋನು ಮಾಡಿದೆ. "ನನ್ನ ತೆಗ್ದು ಹಾಕೋ ಮಾರಾಯ. ಎರಡು ವರ್ಷ ಆತು, ತಲೆಗೆ ಎಂತದೂ ಹತ್ತಲಿಲ್ಲ. ಬೆಳ್ಳಕ್ಕಿ ಗಿಳ್ಳಕ್ಕಿ ಅಂತ ಬರ್ದು ನಿನ್ನ ಮರ್ಯಾದೆ ತೆಗೀತೆ."



"ಅಕ್ಕಾ, ಗೊತ್ತಿದ್ದವ್ರು ಇಲ್ಲಿ ಬೇಕಾದಷ್ಟು ಜನ ಇದ್ರು. ಹೊಸಬ್ರ ಪಕ್ಕ ಕೂರೂಕೆ ನೀ ಒಬ್ಳೇ ಇರೂದು. ಕಲ್ತು ಗಿಲ್ತು ಬಿಟ್ಟೀಯೆ ಮತ್ತೆ, ಹುಷಾರು."