ಉದ್ದಣ್ಣನ ಟ್ರೇಡಿಗೆ ನಾನು ಕಲ್ಲು ಹಾಕಿದ್ದು

ನಾನಾಗಿ ಯಾರ ಮನೆ ವಿಷಯಕ್ಕೂ ಹೋಗೋಳಲ್ಲ. ವಿಷಯಗಳೇ ದಾರಿ ಕೇಳಿಕೊಂಡು ನನ್ನ ಹತ್ತಿರ ಬರುತ್ತವೆ. ಆಕ್ಲೆಂಡಿನ ಈ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ಮಗಳ ಮನೆ ಸೇರಿ ಒಂಬತ್ತು ವರ್ಷ ಆಯಿತು. ಬೀದಿಯಲ್ಲಿ ಒಂದು ನರಪಿಳ್ಳೆ ಕಾಣೋದಿಲ್ಲ, ಎಲ್ಲರೂ ಕಾರಿನಲ್ಲೇ ಹುಟ್ಟಿದವರ ಹಾಗೆ ಕಾರಿನಲ್ಲೇ ಓಡಾಡುತ್ತಾರೆ. ಆದರೂ ಸುದ್ದಿಗೆ ಯಾವತ್ತೂ ಬರ ಬಂದಿಲ್ಲ. ಮಗಳು ಆಸ್ಪತ್ರೆಯಲ್ಲಿ ನರ್ಸು. ಅಳಿಯ, ಸಂಬಳಕ್ಕೆ ಆಡೋ ಒಂದು ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಆಟಗಾರರ ಕೈಕಾಲು ನೀವಿ ನೆಟ್ಟಗೆ ಮಾಡುತ್ತಾನೆ. ಫಿಸಿಯೋ ಅನ್ನಬೇಕಂತೆ. ಉಳುಕು ತೆಗೆಯೋನು ಅಂದರೆ ಮಗಳಿಗೆ ಸಿಟ್ಟು.

ಕೊಟ್ಟು ತರೋದು

ಒಂದು ಸೋಮವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ಅಳಿಯ ಅಂದ, "ಈ ವಾರ ಟೀಮಲ್ಲಿ ಯಾರಿಗೂ ನೆಮ್ಮದಿ ಇಲ್ಲ ಅತ್ತೆ. ಶುಕ್ರವಾರ ನಾಲ್ಕು ಗಂಟೆಗೆ ಟ್ರೇಡ್ ಡೆಡ್‌ಲೈನ್."

"ಹಂಗಂದ್ರೆ?"

"ನಮ್ಮ ಆಟಗಾರನ್ನ ಬೇರೆ ಟೀಮಿಗೆ ಕೊಡೋದು, ಅವರ ಕಡೆಯೋನನ್ನ ನಾವು ತಗೊಳ್ಳೋದು. ಶುಕ್ರವಾರ ಕಳೆದ ಮೇಲೆ ಯಾರನ್ನೂ ಬದಲಾಯಿಸೋ ಹಾಗಿಲ್ಲ."

"ಹೋಗೋನನ್ನ ಒಂದು ಮಾತು ಕೇಳ್ತಾರೋ?"

"ಕೇಳೋದೇನು, ಬಟ್ಟೆ ತುಂಬಿಕೋ ಅಂತಾರೆ."

ನನಗೇನು ಇದು ಹೊಸದೇ? ನನ್ನನ್ನು ಆ ಮನೆಗೆ ಕೊಟ್ಟು, ನಮ್ಮ ಯಜಮಾನರ ತಂಗಿಯನ್ನು ನಮ್ಮಣ್ಣನಿಗೆ ತಂದಿದ್ದೂ ಹೀಗೇ. ಆಗ ನನ್ನನ್ನೂ ಯಾರೂ ಕೇಳಲಿಲ್ಲ, ಅವಳನ್ನೂ ಕೇಳಲಿಲ್ಲ. ಐವತ್ತು ವರ್ಷ ದಾಟಿದರೂ ಎರಡು ಮನೆಯವರೂ ಈ ಲೆಕ್ಕದಲ್ಲಿ ನಾವೇ ಮೋಸ ಹೋದೆವು ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ.

ಪಕ್ಕದ ಮನೆಯವನು

ಆ ಟೀಮಿನ ಆಟಗಾರನೊಬ್ಬ ನಮ್ಮ ಪಕ್ಕದ ಮನೆಯಲ್ಲೇ ಇದ್ದಾನೆ. ಅಮೆರಿಕದವನು. ನಾನು ಇಟ್ಟ ಹೆಸರು ಉದ್ದಣ್ಣ. ಮೊದಲ ಸಲ ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿದಾಗ ನಮಸ್ಕಾರ ಮಾಡುತ್ತಿದ್ದಾನೆ ಅಂದುಕೊಂಡು ದೀರ್ಘಾಯುಷ್ಯ ಹರಸಿಬಿಟ್ಟೆ. ಆಮೇಲೆ ನೋಡಿದರೆ ಬಾಗಿಲು ಕುಳ್ಳು.

ಅವನ ಹೆಂಡತಿಗೆ ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಅವಳ ತಾಯಿ ಅಷ್ಟು ದೂರದಿಂದ ಬರೋ ಸ್ಥಿತಿಯಲ್ಲಿಲ್ಲ. ಬಾಣಂತನ ನಾನು ಮಾಡುತ್ತೇನೆ ಅಂತ ಮಗಳ ಕೈಲಿ ಹೇಳಿಸಿ, ಮೆಣಸು ಬೆಳ್ಳುಳ್ಳಿ ಹುರಿದು ಖಾರದ ಪುಡಿಯನ್ನೂ ಮಾಡಿಟ್ಟಿದ್ದೆ. ಅಷ್ಟರಲ್ಲಿ ಬಂತು ನೋಡಿ, ಡನೀಡಿನ್ ಟೀಮಿನವರು ಉದ್ದಣ್ಣನನ್ನೇ ಕೇಳುತ್ತಿದ್ದಾರೆ ಅಂತ. ಆ ಊರು ಈ ದೇಶದ ತೆಂಕಣ ತುದಿಯಲ್ಲಿದೆ, ವಿಮಾನದಲ್ಲಿ ಹೋಗಬೇಕು. ಹೆಂಡತಿಗೆ ಈ ತಿಂಗಳಲ್ಲಿ ವಿಮಾನ ಹತ್ತಬಾರದು ಅಂದಿದ್ದಾರೆ. ಅವನು ಅಲ್ಲಿ, ಅವಳು ಇಲ್ಲಿ, ಹೆರಿಗೆ ಹೊತ್ತಿಗೆ ಕೈ ಹಿಡಿದುಕೊಳ್ಳೋಕೂ ಗಂಡ ಇಲ್ಲ.

ಸೋಮವಾರ ಸಂಜೆ ಅವನು ನಮ್ಮ ಅಡುಗೆಮನೆಯಲ್ಲಿ ಬಂದು ಕೂತ. ಅಕ್ಕಿರೊಟ್ಟಿ ಹಾಕಿದೆ. ಯಾವಾಗಲೂ ಎಂಟು ತಿನ್ನೋನು ಐದಕ್ಕೇ ಕೈ ತೊಳೆದ. ಸಂಕಟ ಎಷ್ಟಿತ್ತು ಅಂತ ನನಗೆ ಅಲ್ಲೇ ತಿಳಿಯಿತು.

ಭಜನೆ

ಮಂಗಳವಾರ ಮೌಂಟ್ ಆಲ್ಬರ್ಟ್‌ನಲ್ಲಿ ನಮ್ಮ ಹೆಂಗಸರ ಭಜನೆ. ವಿಷಯ ಎತ್ತಿದೆ. ತಾಳ ಹಿಡಿದಿದ್ದವರು ತಾಳ ಕೆಳಗಿಟ್ಟರು.

ಒಬ್ಬಾಕೆ ಅಂದಳು, "ಉದ್ದ ಇರೋನ್ನ ಕೊಟ್ಟು ಇಬ್ಬರು ಕುಳ್ಳರನ್ನ ತಂದ್ರೆ ಒಟ್ಟು ಉದ್ದ ಸರಿಹೋಗುತ್ತಲ್ವಾ?"

ಇನ್ನೊಬ್ಬಾಕೆ, "ಅದೆಲ್ಲ ಬೇಡ, ಮದುವೆ ಆಗದೋನು ಯಾರಾದ್ರೂ ಇದ್ರೆ ಅವನ್ನ ಕಳಿಸಲಿ. ಅವನಿಗೇನು, ಚೀಲ ಎತ್ಕೊಂಡ್ರೆ ಆಯ್ತು."

"ಇದ್ದಾನೆ ಒಬ್ಬ," ಅಂದೆ. "ಒಂದೇ ತಿಂಗಳಲ್ಲಿ ಮೂರು ಹುಡುಗೀರ ಜೊತೆ ಉದ್ದಣ್ಣನ ಮನೆಗೆ ಬಂದಿದ್ದ. ನಾನೇ ಕಿಟಕೀಲಿ ನೋಡಿದೀನಿ."

"ಮೂವರೂ ಬೇರೆಬೇರೆಯೋರೇನ್ರೀ?" ಅಂತ ಭಜನೆ ಹೇಳಿಕೊಡೋ ಹಿರಿಯಾಕೆ ಪುಸ್ತಕ ಮುಚ್ಚಿ ನನ್ನ ಕಡೆ ಜರುಗಿ ಕೂತರು.

ಅವತ್ತು ಹಾಡಿದ್ದು ಒಂದೇ ಹಾಡು, ಅದೂ ಮಂಗಳಾರತಿದು. ಮನೆಗೆ ಹೊರಡುವಾಗ ಮಾತ್ರ ಎಲ್ಲರೂ ಇಷ್ಟು ಒಳ್ಳೆಯ ಭಜನೆ ಈ ವರ್ಷ ಆಗಿರಲಿಲ್ಲ ಅಂದರು.

ಮ್ಯಾನೇಜರಿಗೆ ಊಟ

ಬುಧವಾರ ಟೀಮಿನ ಮ್ಯಾನೇಜರು ನಮ್ಮ ಮನೆಗೆ ಊಟಕ್ಕೆ ಬರೋನಿದ್ದ. ಕೊಡೋದು ತರೋದು ಎಲ್ಲ ಅವನ ಕೈಲೇ. ಅಳಿಯ ಬೆಳಿಗ್ಗೆಯೇ ಎಚ್ಚರಿಸಿದ, "ಅತ್ತೆ, ಟ್ರೇಡ್ ಬಗ್ಗೆ ಒಂದು ಮಾತೂ ಬೇಡ. ನನ್ನ ಕೆಲಸಕ್ಕೆ ಕುತ್ತು."

"ನನಗ್ಯಾಕಪ್ಪಾ ಅದೆಲ್ಲ," ಅಂದೆ.

ನನಗೆ ಬರೋ ಇಂಗ್ಲಿಷು ಕಮ್, ಸಿಟ್, ಈಟ್. ಅದು ಮೂರೂ ಬಾಗಿಲಲ್ಲೇ ಮುಗಿದು ಹೋಯಿತು. ಊಟಕ್ಕೆ ಕೂತ ಮೇಲೆ ಮಗಳಿಗೆ ಹೇಳಿದೆ, "ಬಸುರಿ ಹೆಂಡತಿಯಿಂದ ಗಂಡನ್ನ ಬಿಡಿಸಿದ್ರೆ ಒಳ್ಳೇದಾಗಲ್ಲ ಅಂತ ಹೇಳೇ ಇವನಿಗೆ."

ಮಗಳು ನಗುನಗುತ್ತಾ ಇಂಗ್ಲಿಷಿನಲ್ಲಿ ಏನೋ ಅಂದಳು. ಅವನೂ ನಕ್ಕು ತಟ್ಟೆ ಮುಂದೆ ಮಾಡಿದ. ಮಗಳು ಒಂದು ಸೌಟು ಬಿಸಿಬೇಳೆಬಾತು ಹಾಕಿದಳು.

"ಮೂರು ಹುಡುಗೀರ್ನ ಸುತ್ತಿಸೋನು ಇದ್ದಾನಲ್ಲ, ಅವನ್ನ ಕಳಿಸು ಅನ್ನು."

ಮಗಳು ಇನ್ನೊಂದು ಮಾತು ಆಡಿದಳು, ಇನ್ನೊಂದು ಸೌಟು ಬಿತ್ತು. ನಾನು ಹೀಗೆ ಐದು ಸಲ ವಾದ ಮಾಡಿದೆ. ಐದನೆಯದಕ್ಕೆ ಅವನು ಎರಡೂ ಕೈ ಜೋಡಿಸಿದ. ಕಣ್ಣಲ್ಲಿ ನೀರು ಬೇರೆ. ನನ್ನ ಮಾತು ಮನಸ್ಸಿಗೆ ನಾಟಿತು ಅಂತ ನಾನೂ ಬಿಟ್ಟೆ.

ಮಾರನೆಯ ದಿನ ಅಳಿಯ ಅಂದ, "ನಿಮ್ಮತ್ತೆ ಬಹಳ ಒಳ್ಳೆಯವರು, ಆದರೆ ಊಟಕ್ಕೆ ಬಲವಂತ ಸ್ವಲ್ಪ ಜಾಸ್ತಿ ಅಂದ ಮ್ಯಾನೇಜರು. ಉದ್ದಣ್ಣನ ವಿಷಯ ಬಹುತೇಕ ಮುಗಿದ ಹಾಗೇ ಅತ್ತೆ. ನಾಳೆ ಸಹಿ."

ಕಲ್ಲು

ಬೇಡದ ಸಂಬಂಧ ತಪ್ಪಿಸಬೇಕಾದರೆ ನಮ್ಮ ಕಡೆ ಜಗಳ ಆಡೋದಿಲ್ಲ. ಆ ಕಡೆಯ ಒಬ್ಬ ಹೆಂಗಸಿನ ಕಿವಿಗೆ, ನನಗ್ಯಾಕೆ ಬೇಕು ಅಂತ ಶುರು ಮಾಡಿ, ಒಂದು ಐಬು ಹಾಕಿ ಸುಮ್ಮನಾಗೋದು. ಊರಿನಲ್ಲಿ ನಾನು ಹೀಗೆ ಆರು ಸಂಬಂಧ ತಪ್ಪಿಸಿದ್ದೇನೆ. ಅದರಲ್ಲಿ ನಾಲ್ಕು ಹುಡುಗಿಯರು ಇವತ್ತಿಗೂ ನನ್ನನ್ನು ನೆನೆಯುತ್ತಾರೆ. ಉಳಿದಿಬ್ಬರೂ ನೆನೆಯುತ್ತಾರೆ, ಅದು ಬೇರೆ ಥರ.

ಡನೀಡಿನ್‌ನಲ್ಲಿ ನನಗೊಬ್ಬಾಕೆ ಪರಿಚಯ. ಆಕೆಯ ಸೊಸೆ ಆ ಟೀಮಿನ ಆಫೀಸಿನಲ್ಲೇ ಕೆಲಸಕ್ಕಿದ್ದಾಳೆ. ಅತ್ತೆ ಸೊಸೆ ಮಾತು ಬಿಟ್ಟು ಆರು ತಿಂಗಳಾಗಿತ್ತು, ಆದರೂ ಆಸೆ ಬಿಡದೆ ಗುರುವಾರ ಮಧ್ಯಾಹ್ನ ಫೋನು ಮಾಡಿದೆ.

"ನನಗ್ಯಾಕೆ ಬೇಕು ಹೇಳಿ. ನಿಮ್ಮ ಟೀಮಿನವರು ನಮ್ಮ ಪಕ್ಕದ ಮನೆ ಅಮೆರಿಕದ ಹುಡುಗ, ಆ ಉದ್ದಣ್ಣನ್ನ ಕೇಳಿದಾರಂತಲ್ಲ?"

"ಹೌದೇನ್ರೀ? ಆ ಮಹಾರಾಣಿ ನನಗೆಲ್ಲಿ ಹೇಳ್ತಾಳೆ."

"ಹುಡುಗ ಚಿನ್ನ. ಆದ್ರೆ ಆ ಬಲಗಾಲು ಮಂಡಿ ಇದೆಯಲ್ಲ..."

"ಏನಾಗಿದೆ ಮಂಡಿಗೆ?"

"ನಾನು ಹೇಳ್ದೆ ಅನ್ನಬೇಡಿ. ಪೂರ್ತಿ ಹೋಗಿದೆ. ನಮ್ಮ ಅಳಿಯ ದಿನಾ ನೀವಿ ನೀವಿ ಅವನ್ನ ನಿಲ್ಲಿಸಿದಾರೆ. ಒಂದು ದಿನ ಇವರ ಕೈ ತಪ್ಪಿತೋ, ಹುಡುಗ ಅಲ್ಲೇ ಕೂತ."

ಮಂಡಿಗೆ ಏನೂ ಆಗಿರಲಿಲ್ಲ. ಆನೆಗೆ ಇರೋ ಅಂಥ ಮಂಡಿ. ಆಕೆ "ಅಯ್ಯೋ ಪಾಪ" ಅಂದ ದನಿಯಲ್ಲಿ ಎಷ್ಟು ಖುಷಿ ಇತ್ತೆಂದರೆ ನನಗೆ ಧೈರ್ಯ ಬಂತು. ಅವತ್ತು ಸಂಜೆ ಸೊಸೆ ಮನೆಗೆ ಬರುತ್ತಲೇ ಆಕೆ ತಾನೇ ಕಾಫಿ ಮಾಡಿ ಕೈಗೆ ಕೊಟ್ಟಳಂತೆ.

ಶುಕ್ರವಾರ

ನಾಲ್ಕು ಗಂಟೆ ಹೊಡೆದು ಐದು ನಿಮಿಷಕ್ಕೆ ಉದ್ದಣ್ಣ ನಡುವಿನ ಬೇಲಿ ದಾಟಿಕೊಂಡು ಬಂದ. ನಮಗೆ ಬೇಲಿ, ಅವನಿಗೆ ಅದು ಹೊಸಲು. ಡನೀಡಿನ್‌ನವರು ಕೊನೇ ಗಳಿಗೆಯಲ್ಲಿ ಬೇಡ ಅಂದರಂತೆ. ನನ್ನನ್ನು ಅಪ್ಪಿಕೊಂಡ, ನನ್ನ ಕಾಲು ನೆಲ ಬಿಟ್ಟಿತು. ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಅತ್ತಳು, ನಾನೂ ಅತ್ತೆ. ಅವತ್ತು ಹತ್ತು ರೊಟ್ಟಿ ತಿಂದ.

ಆರು ಗಂಟೆಗೆ ಅಳಿಯ ಬಂದು ಶೂ ಕೂಡ ಬಿಚ್ಚದೆ ಕೂತ.

"ಅತ್ತೆ, ಡನೀಡಿನ್‌ನೋರು ಉದ್ದಣ್ಣ ಬೇಡ ಅಂದ್ರು."

"ಒಳ್ಳೇದಾಯ್ತು ಬಿಡಿ."

"ನನ್ನನ್ನ ಕೇಳಿದಾರೆ."

ನಾನು ಒಲೆ ಸಣ್ಣ ಮಾಡಿದೆ.

"ಫೋನು ಮಾಡಿದ್ರು. ಅಂಥಾ ಹಾಳು ಮಂಡಿಯೋನನ್ನ ಅಷ್ಟೆತ್ತರ ಹಾರಿಸ್ತೀರಲ್ಲ, ನಮಗೆ ನೀವೇ ಬೇಕು ಅಂದ್ರು. ಅವನ ಮಂಡಿಗೆ ಏನೂ ಆಗಿಲ್ಲ ಅಂದೆ. ಗುರುತೂ ಉಳೀದ ಹಾಗೆ ವಾಸಿ ಮಾಡಿದೀರಿ ಅಂದ್ರು. ನಾನೇನೂ ಮಾಡಿಲ್ಲ ಸ್ವಾಮಿ ಅಂದೆ. ಎಷ್ಟು ವಿನಯ ಅಂದ್ರು. ಆಣೆ ಇಟ್ಟು ಹೇಳಿದೆ. ಆಟಗಾರನ ಗುಟ್ಟು ಬಾಯಿ ಬಿಡದೋನು, ಇಂಥವನಿಗಾಗೇ ಹುಡುಕ್ತಿದ್ವಿ ಅಂತ ದೊಡ್ಡ ಹುದ್ದೇನೇ ಕೊಟ್ಟುಬಿಟ್ರು."

ಮಗಳು ಆಗಲೇ ಅಲ್ಲಿನ ಆಸ್ಪತ್ರೆಗಳಲ್ಲಿ ಯಾವ ಕೆಲಸ ಖಾಲಿ ಇದೆ ಅಂತ ಮೊಬೈಲಿನಲ್ಲಿ ನೋಡುತ್ತಿದ್ದಳು. ಹೊರಡೋದಕ್ಕೆ ಎರಡು ತಿಂಗಳಿದೆಯಂತೆ, ಬಾಣಂತನಕ್ಕೇನೂ ತೊಂದರೆ ಇಲ್ಲ.

ಅಳಿಯ ಶೂ ಬಿಚ್ಚುತ್ತಾ ನನ್ನನ್ನೇ ನೋಡಿದ. "ಅಲ್ಲ ಅತ್ತೆ, ಇಲ್ಲದ ಮಂಡಿ ನೋವನ್ನ ಅಷ್ಟು ದೂರ ಹೊತ್ತುಕೊಂಡು ಹೋದೋರು ಯಾರಿರಬಹುದು?"

"ಜನಾನ ಬಿಡಿ ಅಳಿಯಂದ್ರೇ, ಅವರಿಗೆ ಮಾಡೋಕೆ ಬೇರೆ ಕೆಲಸ ಇಲ್ಲ," ಅಂದು, ಆ ಚಳಿ ಊರಿಗೆ ಉಣ್ಣೆ ಟೋಪಿ ಒಂದು ಸಾಕೋ ಎರಡು ಬೇಕೋ ಅಂತ ವಿಚಾರಿಸೋಕೆ ಡನೀಡಿನ್‌ನಾಕೆಗೆ ಫೋನು ಹಚ್ಚಿದೆ.